ಶೇಕ್ಸ್‌ಪಿಯರ್ ಬದುಕಿನಲ್ಲಿ ಸುಖವಾಗಿದ್ದನೇ?

ಪ್ರಶ್ನೆ: 'ಹ್ಯಾಮ್ಲೆಟ್', 'ಕಿಂಗ್ ಲಿಯರ್' ಓದಿದ ಮೇಲೆ ಒಂದೇ ಯೋಚನೆ. ಇಷ್ಟು ನೋವು ಬರೆದವನು ಸ್ವತಃ ಸುಖವಾಗಿದ್ದನೇ? ದುಡ್ಡು, ಹೆಸರು ಎರಡೂ ಇತ್ತಂತಲ್ಲ?

ಉತ್ತರ: ಹೌದು, ಎರಡೂ ಇತ್ತು. ಅಪ್ಪ ಕೈಗವಸು ಮಾಡುವ ಕಸುಬಿನವನು. ಮಗ ಬೆಳೆಯುವ ಹೊತ್ತಿಗೆ ಅವನ ವ್ಯವಹಾರ ನೆಲಕಚ್ಚಿತ್ತು. ಅಂಥ ಮನೆಯ ಹುಡುಗ 1597ರಲ್ಲಿ ತನ್ನೂರು ಸ್ಟ್ರಾಟ್‌ಫರ್ಡ್‌ನಲ್ಲಿ 'ನ್ಯೂ ಪ್ಲೇಸ್' ಎಂಬ ದೊಡ್ಡ ಮನೆಯನ್ನೇ ಕೊಂಡ. 1599ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರಕ್ಕೆ ಪಾಲುದಾರನಾದ.

ಆದರೆ ಮನೆ ಕೊಂಡದ್ದರ ಹಿಂದಿನ ವರ್ಷ ನೋಡಿ. 1596ರ ಆಗಸ್ಟ್ 11ರಂದು ಅವನ ಒಬ್ಬನೇ ಮಗ ಹ್ಯಾಮ್ನೆಟ್‌ನನ್ನು ಮಣ್ಣು ಮಾಡಿದರು. ಹುಡುಗನಿಗೆ ಆಗ 11 ವರ್ಷ. ಅದೇ ಅಕ್ಟೋಬರ್‌ನಲ್ಲಿ ಶೇಕ್ಸ್‌ಪಿಯರ್‌ನ ಅಪ್ಪನಿಗೆ ಕುಲಲಾಂಛನ ಮಂಜೂರಾಯಿತು. ಗಂಡುಮಕ್ಕಳ ಮೂಲಕ ಮುಂದುವರಿಯಬೇಕಾದ ಗೌರವ ಅದು. ಬಂತು, ಆದರೆ ಮುಂದುವರಿಸಬೇಕಾದ ಮೊಮ್ಮಗನೇ ಇರಲಿಲ್ಲ.

ನಾಟಕಗಳಿಂದ ಬದುಕನ್ನು ಅಳೆಯಲು ಹೋಗಬೇಡಿ ಅಂತಲೇ ಹೇಳುತ್ತೇನೆ. ಮಗ ಹೋದ ನಂತರದ ನಾಲ್ಕೈದು ವರ್ಷಗಳಲ್ಲೇ ಅವನು ತನ್ನ ಅತ್ಯಂತ ಲವಲವಿಕೆಯ ಕಾಮಿಡಿಗಳನ್ನೂ ಬರೆದ. ಹಾಗಿದ್ದೂ ಒಂದು ಕಡೆ ನನಗೆ ಸುಮ್ನೆ ಮುಂದೆ ಹೋಗಲು ಆಗುವುದಿಲ್ಲ. ಹ್ಯಾಮ್ನೆಟ್ ಮತ್ತು ಜೂಡಿತ್ ಅವಳಿ ಮಕ್ಕಳು. 1601ರ ಸುಮಾರಿಗೆ ಬರೆದ 'ಟ್ವೆಲ್ಫ್ತ್ ನೈಟ್'ನಲ್ಲೂ ಅವಳಿ ಅಣ್ಣತಂಗಿ ಇದ್ದಾರೆ. ಅಣ್ಣ ಸಮುದ್ರದಲ್ಲಿ ಮುಳುಗಿದ ಅಂತ ತಂಗಿ ನಂಬಿರುತ್ತಾಳೆ. ಕೊನೆಯಲ್ಲಿ ಅವನು ಜೀವಂತ ಎದುರು ನಿಲ್ಲುತ್ತಾನೆ. ಇಬ್ಬರಿಗೂ ನಂಬಿಕೆಯಿಲ್ಲ. ನಮ್ಮಪ್ಪನ ಹಣೆ ಮೇಲೆ ಒಂದು ಮಚ್ಚೆ ಇತ್ತು ಅನ್ನುತ್ತಾಳೆ ಅವಳು. ನಮ್ಮಪ್ಪನಿಗೂ ಇತ್ತು ಅನ್ನುತ್ತಾನೆ ಅವನು. ಮಗನನ್ನು ಕಳೆದುಕೊಂಡ ತಂದೆ ಬರೆದ ಮಾತು ಇದು, ಅಲ್ವಾ?

ಉಯಿಲಿನಲ್ಲಿ ಹೆಂಡತಿ ಆ್ಯನ್‌ಗೆ 'ಎರಡನೇ ಒಳ್ಳೆಯ ಮಂಚ' ಬಿಟ್ಟದ್ದನ್ನು ಹಿಡಿದು ದಾಂಪತ್ಯ ಹಳಸಿತ್ತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಗಿನ ಸ್ಥಿತಿವಂತರ ಮನೆಗಳಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಂಚ ಹೆಚ್ಚಾಗಿ ಅತಿಥಿಗಳಿಗೆ ಮೀಸಲು. ಹಾಗಾಗಿ ಎರಡನೆಯದು ಗಂಡಹೆಂಡತಿ ಮಲಗುತ್ತಿದ್ದ ಮಂಚವೇ ಇರಬಹುದು.

ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನ್ನಿಸುವುದು ಅದೇ ಉಯಿಲಿನ ಸಾಲುಗಳ ನಡುವೆ ಆಮೇಲೆ ಸೇರಿಸಿದ ಒಂದು ಬರಹ. ಬರ್ಬೇಜ್, ಹೆಮಿಂಜಸ್, ಕಾಂಡೆಲ್ ಎಂಬ ಮೂವರು ಸಹನಟರಿಗೆ ನೆನಪಿನ ಉಂಗುರ ಕೊಳ್ಳಲು ತಲಾ 26 ಶಿಲ್ಲಿಂಗ್ 8 ಪೆನ್ಸ್. 1594ರಿಂದ ಅವನು ನಾಟಕ ಕಂಪನಿ ಬದಲಿಸಲೇ ಇಲ್ಲ. ಒಗ್ಗದ ಜನರ ಜೊತೆ ಯಾರೂ ಅಷ್ಟು ವರ್ಷ ಇರುವುದಿಲ್ಲ. ಹಾಗಾಗಿ ನನ್ನ ಉತ್ತರ ಇಷ್ಟು: ರಂಗದ ಮೇಲೆ, ಗೆಳೆಯರ ನಡುವೆ ಅವನು ಸುಖವಾಗಿದ್ದ, ತಂದೆಯಾಗಿ ಆ ಗಾಯ ಮಾಯಲಿಲ್ಲ.

1616ರಲ್ಲಿ ಅವನು ತೀರಿಕೊಂಡ. ಏಳು ವರ್ಷದ ಮೇಲೆ, 1623ರಲ್ಲಿ, ಹೆಮಿಂಜಸ್ ಮತ್ತು ಕಾಂಡೆಲ್ ಅವನ 36 ನಾಟಕಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದರು. ಸುಮಾರು ಅರ್ಧದಷ್ಟು ನಾಟಕಗಳು ಅಚ್ಚಾದದ್ದು ಅದೇ ಮೊದಲು. 'ಮ್ಯಾಕ್‌ಬೆತ್', 'ಟ್ವೆಲ್ಫ್ತ್ ನೈಟ್' ಕೂಡ ಅವುಗಳಲ್ಲಿ ಸೇರಿವೆ.