ಪ್ರತಿಕ್ರಿಯೆ: ಸಹೋದ್ಯೋಗಿಗೆ ಸಿಕ್ಕ ಕೆಎಸ್‌ಎಟಿ ಆದೇಶ ನನಗೂ ಅನ್ವಯಿಸುತ್ತದೆಯೇ?

ಸಹೋದ್ಯೋಗಿಗೆ ಕೆಎಸ್‌ಎಟಿ (ಸರ್ಕಾರಿ ನೌಕರರ ಸೇವಾ ವಿವಾದ ನೋಡುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ) ಕೊಡಿಸಿದ ಸೌಲಭ್ಯ ನಿಮಗೂ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಆ ಆದೇಶದ ಕೊನೆಯ ಪ್ಯಾರಾ ಓದಿ, ಅಲ್ಲಿ ಬಹುಶಃ "ಅರ್ಜಿದಾರರಿಗೆ" ಅಂತಷ್ಟೇ ಇರುತ್ತದೆ. ನಿಮ್ಮದೂ ಅದೇ ಹುದ್ದೆ, ಅದೇ ವರ್ಷದ ನೇಮಕಾತಿ ಆದರೂ "ಅದು ಅವರಿಗೆ ಮಾತ್ರ" ಎಂದು ಕಚೇರಿಯಲ್ಲಿ ನಿಮ್ಮನ್ನು ಬಾಯಿಮಾತಲ್ಲೇ ವಾಪಸ್ ಕಳಿಸಿರುವುದು ಅದನ್ನೇ ಹಿಡಿದುಕೊಂಡು.

ಮೊದಲು ಆ ಆದೇಶದ ಮೇಲೆ ಸರ್ಕಾರ ಹೈಕೋರ್ಟಿಗೆ ಹೋಗಿದೆಯಾ, ತಡೆಯಾಜ್ಞೆ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಆದೇಶದ ದೃಢೀಕೃತ ಪ್ರತಿ ಲಗತ್ತಿಸಿ ಲಿಖಿತ ಮನವಿ ಕೊಡಿ. ಕಚೇರಿಯ ಟಪಾಲು ವಿಭಾಗದಲ್ಲಿ ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲ್ ಬೀಳಲೇಬೇಕು, ಉತ್ತರ ಬರದಿದ್ದರೆ ಮುಂದಿನ ಲೆಕ್ಕ ಆ ತಾರೀಖಿನಿಂದಲೇ. ಮನವಿಯಲ್ಲಿ ಸುಪ್ರೀಂ ಕೋರ್ಟಿನ 2014ರ ಅರವಿಂದ ಕುಮಾರ್ ಶ್ರೀವಾಸ್ತವ ತೀರ್ಪನ್ನು ಹೆಸರಿಸಿ: ಒಂದೇ ಸ್ಥಿತಿಯಲ್ಲಿರುವ ನೌಕರರಿಗೆ ಒಂದೇ ಸೌಲಭ್ಯ ಕೊಡಬೇಕು ಎನ್ನುತ್ತದೆ ಅದು. ಆದರೆ ವರ್ಷಗಟ್ಟಲೆ ಸುಮ್ನೆ ಕೂತು, ಬೇರೆಯವರು ಗೆದ್ದ ಮೇಲೆ ಎದ್ದು ಬಂದವರಿಗೆ ಇದು ಸಿಗಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ, ಸರ್ಕಾರಿ ವಕೀಲರು ಹಿಡಿಯುವುದು ಅದನ್ನೇ.

ತಿರಸ್ಕರಿಸಿ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದರೆ ಅಲ್ಲಿಂದ 1 ವರ್ಷದೊಳಗೆ ಕೆಎಸ್‌ಎಟಿಗೆ ಅರ್ಜಿ ಹಾಕಿ. ಉತ್ತರವೇ ಬರದಿದ್ದರೆ 6 ತಿಂಗಳು ಕಾದು, ನಂತರ 1 ವರ್ಷ. ಮನವಿ ಮೇಲೆ ಮನವಿ ಕೊಟ್ಟರೆ ಅವಧಿ ಬೆಳೆಯಲ್ಲ.

ನಿಮಗೆ ಸೌಲಭ್ಯ ಯಾವ ವರ್ಷದಿಂದ ಸಿಗಬೇಕಿತ್ತು ಅಂತ ನೀವು ಬರೆದಿಲ್ಲ. ತೀರಾ ಹಳೆಯದಾದರೆ ಹೊಸ ಹಿಂಬರಹದಿಂದ ಅದಕ್ಕೆ ಜೀವ ಬರುವುದು ಕಷ್ಟ, ಆಗ ವಿಳಂಬ ಮನ್ನಿಸಲು ಬೇರೆ ಅರ್ಜಿಯನ್ನೂ ಜೊತೆಗೇ ಹಾಕಿಸಿ.