34ರ ಆಟಗಾರ ತಂಡಕ್ಕೆ ಯಾಕೆ ಬೇಕು ಅಂದರೆ

ಬೇಸ್‌ಬಾಲ್ ತಂಡ ವಯಸ್ಸಾದ, ಹೆಚ್ಚಾಗಿ ಬೆಂಚಿನಲ್ಲೇ ಕೂರುವ ಆಟಗಾರನನ್ನು ತಗೊಂಡರೆ ಅಭಿಮಾನಿಗಳಿಗೆ ಯಾಕಷ್ಟು ಖುಷಿ, ಆ ಜಾಗ ಹುಡುಗರಿಗೆ ಕೊಡಬಾರದಾ ಅಂತ ಕೇಳಿದ್ದೀರಿ.

ಕೊಡಬಾರದು ಅಂತಲೇ ನಾನು ಹೇಳುತ್ತೇನೆ. ಬೆಳೆಯುವ ಹುಡುಗ ದಿನಾ ಬ್ಯಾಟ್ ಹಿಡಿಯಬೇಕು, ವಾರಕ್ಕೆ ಎರಡು ಸಲ ಬೆಂಚಿನಿಂದ ಎದ್ದು ಬಂದರೆ ಅವನ ಆಟ ಕೆಡುತ್ತದೆ, ಅವನಿಗೆ ಕೆಳಹಂತದ ಮೈನರ್ ಲೀಗೇ ಸರಿ. ಆದರೆ ಅಮೆರಿಕದ ಅತಿ ದೊಡ್ಡ ಹಂತವಾದ ಮೇಜರ್ ಲೀಗ್‌ನಲ್ಲಿ ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ಯಾರಿಗಾದರೂ ಗಾಯ ಆಗೇ ಆಗುತ್ತದೆ. ಆಗ ಫೀಲ್ಡಿಂಗ್‌ನಲ್ಲಿ ಎರಡು ಮೂರು ಜಾಗದಲ್ಲಿ ನಿಲ್ಲಬಲ್ಲ, ಎಷ್ಟು ದಿನ ಕೂತಿದ್ದರೂ ಎದ್ದು ಬಂದು ಗಾಬರಿಯಿಲ್ಲದೆ ಆಡುವ ಒಬ್ಬರು ಬೇಕಲ್ವಾ?

ಹೋವಿ ಕೆಂಡ್ರಿಕ್ ಅವರನ್ನೇ ನೋಡಿ. 2018ರ ಜನವರಿಯಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಅವರನ್ನು ಎರಡು ವರ್ಷಕ್ಕೆ 70 ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡಿತು. ಆಗ ವಯಸ್ಸು 34. ಮೇ ತಿಂಗಳಲ್ಲಿ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಅಕಿಲಿಸ್ ಟೆಂಡನ್) ಹರಿದು ಆ ವರ್ಷವೇ ಮುಗಿಯಿತು. ಅಲ್ಲಿಗೇ ಸುಮ್ನೆ ದುಡ್ಡು ದಂಡ ಅಂದುಬಿಡುವುದು ಸುಲಭವಿತ್ತು. ಆದರೆ 2019ರಲ್ಲಿ ಅವರ ಬ್ಯಾಟಿಂಗ್ ಸರಾಸರಿ .344, ಅಂದರೆ ನೂರು ಸಲ ಬ್ಯಾಟ್ ಹಿಡಿದರೆ ಸುಮಾರು 34 ಸಲ ಹಿಟ್; ಬೇಸ್‌ಬಾಲ್‌ನಲ್ಲಿ .300 ದಾಟಿದರೇ ತುಂಬಾ ಒಳ್ಳೆಯದು! ಪ್ಲೇಆಫ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ವಿರುದ್ಧದ ನಿರ್ಣಾಯಕ ಪಂದ್ಯದ ಹತ್ತನೇ ಇನಿಂಗ್ಸ್‌ನಲ್ಲಿ ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ರನ್. ಆಮೇಲೆ ಮೇಜರ್ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ, ಹ್ಯೂಸ್ಟನ್‌ನಲ್ಲಿ, ಅವರು ಹೊಡೆದ ಚೆಂಡು ಮೈದಾನದ ಅಂಚು ತೋರಿಸುವ ಬಲಗಡೆಯ ಫೌಲ್ ಕಂಬಕ್ಕೆ (ಅದಕ್ಕೆ ತಗುಲಿದರೂ ಹೋಮ್ ರನ್ನೇ) ಬಡಿದು ಹೋಮ್ ರನ್ ಆಯಿತು, ತಂಡ ಮುಂದೆ ಹೋಯಿತು, ಕಪ್ಪೂ ಗೆದ್ದಿತು.

ಎಲ್ಲರೂ ಕೆಂಡ್ರಿಕ್ ಆಗುವುದಿಲ್ಲ, ಗೊತ್ತು. ಆದರೂ ಇಂಥ ಸುದ್ದಿ ಬಂದಾಗ ನನಗಂತೂ ನಿಜವಾಗಿ ಸಂತೋಷ ಆಗುತ್ತದೆ.