ಅಪ್ಪನ ಮಾರುತಿ 800 ಅಮೆರಿಕಕ್ಕೆ ಬರಬಹುದೇ?

ಮೈಸೂರಿನಲ್ಲಿ ಅಪ್ಪ ಓಡಿಸುತ್ತಿದ್ದ, 2001ರ ಕೊನೆಯಲ್ಲಿ ಕೊಂಡ ಮಾರುತಿ 800 ಅನ್ನು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ತರಿಸಿಕೊಳ್ಳಬೇಕು, 25 ವರ್ಷ ತುಂಬಿದರೆ ಸುರಕ್ಷತಾ ನಿಯಮಗಳ ಕಾಟ ಇಲ್ಲವಂತೆ, ನಿಜವೇ ಎಂದು ಕೇಳಿದ್ದೀರಿ. ನಿಜ. ಆದರೂ ಫ್ರೀಮಾಂಟಿಗೆ ತರಿಸಬೇಡಿ. ತಂಗಿ ಟೆಕ್ಸಾಸಿನ ಆಸ್ಟಿನ್‌ನಲ್ಲಿದ್ದಾಳೆ ಎಂದಿರಲ್ಲ, ದಾರಿ ಇರುವುದು ಅಲ್ಲಿ.

1988ರ ಕಾಯ್ದೆಯ ಪ್ರಕಾರ, ತಯಾರಾಗಿ 25 ವರ್ಷ ತುಂಬಿದ ಕಾರು ಅಮೆರಿಕದ ಸುರಕ್ಷತಾ ಮಾನದಂಡಗಳಿಗೆ ಒಪ್ಪಬೇಕಾಗಿಲ್ಲ. ಏರ್‌ಬ್ಯಾಗ್, ಬಂಪರ್, ಡಿಕ್ಕಿ ಪರೀಕ್ಷೆ ಯಾವುದನ್ನೂ ಕೇಳುವುದಿಲ್ಲ. ಎಚ್‌ಎಸ್-7 ಎಂಬ ಅರ್ಜಿಯಲ್ಲಿ ಒಂದನೇ ಚೌಕಕ್ಕೆ ಗುರುತು ಹಾಕಿದರೆ ಆಯಿತು. 25 ತುಂಬದ ಕಾರಾದರೆ ನೋಂದಾಯಿತ ಆಮದುದಾರರ ಮೂಲಕವೇ ತರಬೇಕು, ಕಾರಿನ ಬೆಲೆಯ ಒಂದೂವರೆ ಪಟ್ಟು ಬಾಂಡ್ ಕೊಡಬೇಕು, 120 ದಿನಗಳಲ್ಲಿ ಎಲ್ಲ ಮಾನದಂಡಗಳಿಗೂ ಹೊಂದಿಸಬೇಕು. 800ರ ಮಟ್ಟಿಗೆ ಅದು ಆಗದ ಮಾತು.

ಲೆಕ್ಕ ಹಿಡಿಯುವುದು ತಯಾರಾದ ತಿಂಗಳಿನಿಂದ. ಷೋರೂಮಿನಿಂದ ಹೊರಬಂದ ದಿನ ಬೇರೆ, ಮಾಡೆಲ್ ವರ್ಷ ಬೇರೆ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಇರುತ್ತದೆ. 15 ವರ್ಷದ ನಂತರ ನವೀಕರಿಸಿದ ಕಾರ್ಡ್ ಒಂದನ್ನೇ ನಂಬಬೇಡಿ. ಮೊದಲ ಆರ್‌ಸಿ, ಮಾರಾಟಗಾರರು ಕೊಟ್ಟ ಫಾರಂ 21 ಎಂಬ ಮಾರಾಟ ಪತ್ರ, ಹಳೆಯ ಬಿಲ್ಲು ಎಲ್ಲವನ್ನೂ ಹುಡುಕಿಸಿ. ಅಪ್ಪಂದಿರ ಬೀರುವಿನಲ್ಲಿ ಇಂಥವು ಸಿಗದೇ ಇರುವುದಿಲ್ಲ. 25 ತುಂಬುವ ಮೊದಲೇ ಹಡಗು ಬಂದು ನಿಂತರೆ ತೊಂದರೆ ನಿಮ್ಮದೇ, ಒಂದೆರಡು ತಿಂಗಳು ತಡವಾಗಿಯೇ ಹತ್ತಿಸಿ.

ಹೊಗೆಯ ಲೆಕ್ಕ ಬೇರೆ. ಕೇಂದ್ರದ ಪರಿಸರ ಸಂಸ್ಥೆಗೆ 3520-1 ಎಂಬ ಅರ್ಜಿ ಕೊಡಬೇಕು. 21 ವರ್ಷ ದಾಟಿದ ಕಾರಿಗೆ ಅಲ್ಲಿಯೂ ವಿನಾಯಿತಿ ಇದೆ, ಆದರೆ ಎಂಜಿನ್ ಮೂಲ ಸ್ಥಿತಿಯಲ್ಲಿ ಇರಬೇಕು. ನಮ್ಮ ಕಡೆ ಎಷ್ಟೋ 800ಗಳಿಗೆ ಗ್ಯಾಸ್ ಕಿಟ್ ಹಾಕಿಸಿದ್ದರು. ನಿಮ್ಮದಕ್ಕೂ ಇದ್ದರೆ ಡಿಕ್ಕಿಯ ಸಿಲಿಂಡರ್ ತೆಗೆದರೆ ಸಾಲದು. ಕಾರ್ಬ್ಯುರೇಟರಿಗೋ ಇಂಜೆಕ್ಷನ್ನಿಗೋ ಸೇರಿಸಿದ ಪೈಪು, ವೈರು ಎಲ್ಲ ಬಿಚ್ಚಿಸಿ, ಆರ್‌ಸಿಯಲ್ಲೂ ಪೆಟ್ರೋಲ್ ಎಂದೇ ಮಾಡಿಸಿ.

ಈಗ ಫ್ರೀಮಾಂಟ್ ಏಕೆ ಬೇಡ ಎಂಬ ಮಾತು. ಕೇಂದ್ರ ಒಪ್ಪಿದ ಮಾತ್ರಕ್ಕೆ ರಾಜ್ಯ ನಂಬರ್ ಪ್ಲೇಟ್ ಕೊಡಬೇಕೆಂದಿಲ್ಲ. ಕ್ಯಾಲಿಫೋರ್ನಿಯಾ ಹೊಗೆಯ ವಿಷಯದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಕಾರುಗಳನ್ನು ಮಾತ್ರ ಬಿಡುತ್ತದೆ. ಆಮೇಲಿನದು ಹೊರದೇಶದಿಂದ ನೇರ ಬಂದರೆ, ಆ ರಾಜ್ಯದ ಪರವಾನಗಿ ಪಡೆದ ಪ್ರಯೋಗಾಲಯದಲ್ಲಿ ಮಾರ್ಪಡಿಸಿ ಪರೀಕ್ಷೆ ಗೆಲ್ಲಬೇಕು. ಆ ಖರ್ಚಿನ ಮುಂದೆ ಕಾರಿನ ಬೆಲೆ ಚಿಲ್ಲರೆ ಕಾಸು. ಟೆಕ್ಸಾಸ್ ಇಂಥ ಪುಟ್ಟ ಆಮದು ಕಾರುಗಳ ನೋಂದಣಿಗೆ 2024ರಲ್ಲಿ ಬಾಗಿಲು ತೆರೆಯಿತು. ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯಲ್ಲಿ ಹೊಗೆ ಪರೀಕ್ಷೆ ಇದ್ದರೂ 24 ವರ್ಷ ದಾಟಿದ ಕಾರಿಗೆ ಅದು ಇಲ್ಲ. ತಂಗಿಯ ಹೆಸರಿನಲ್ಲಿ ತರಿಸಿ, ಕಾರು ಅಲ್ಲೇ ಇರಲಿ. ಹಡಗಿನವರಿಗೆ ಹಣ ಕಟ್ಟುವ ಮೊದಲು ಅವಳು ಕೌಂಟಿ ಕಚೇರಿಗೆ ಹೋಗಿ ಕೇಳಿ ಬರಲಿ.

ಟೆಕ್ಸಾಸಿನಲ್ಲಿ ಖಾಸಗಿ ಕಾರುಗಳ ವಾರ್ಷಿಕ ಸುರಕ್ಷತಾ ತಪಾಸಣೆ 2025ರಿಂದ ನಿಂತಿದೆ. ಬ್ರೇಕ್ ಹಿಡಿಯುತ್ತದೆಯೇ ಎಂದು ಕೇಳುವವರೇ ಇಲ್ಲ, ಹಾಗಾಗಿ ನೀವೇ ಕೇಳಿಕೊಳ್ಳಬೇಕು. ನಾನು ಜಪಾನಿನಿಂದ ಹೋಂಡಾ ಬೀಟ್ ಎಂಬ ಪುಟ್ಟ ಕಾರು ತರಿಸಿದಾಗ ಮೊದಲ ರಾತ್ರಿಯೇ ಎದುರಿನವರೆಲ್ಲ ಲೈಟ್ ಮಿಣುಕಿಸಿ ಬೈದುಕೊಂಡು ಹೋದರು. ಗೋಡೆಯ ಮುಂದೆ ನಿಲ್ಲಿಸಿ ನೋಡಿದರೆ ಡಿಮ್ ಬೆಳಕಿನ ಒಂದು ಅಂಚು ಎಡಕ್ಕೆ ಮೇಲೇರುತ್ತಿತ್ತು. ಎಡಬದಿಯಲ್ಲಿ ಓಡಿಸುವ ದೇಶಕ್ಕೆ ಅದು ಸರಿ, ರಸ್ತೆಯ ಅಂಚು ಕಾಣುತ್ತದೆ. ಇಲ್ಲಿ ಅದು ನೇರ ಎದುರಿನವನ ಕಣ್ಣಿಗೆ. 800ಕ್ಕೂ ಇದೇ ಗತಿ, ದೀಪ ಬದಲಿಸಲೇಬೇಕು.

ಟೈರು 12 ಇಂಚಿನದು. ಇಲ್ಲಿ ಆ ಅಳತೆಯಲ್ಲಿ ಸುಲಭವಾಗಿ ಸಿಗುವುದು ಟ್ರೈಲರಿನ ಟೈರು, ಅದನ್ನು ಕಾರಿಗೆ ಹಾಕಬೇಡಿ. ಹೊಸ ಕಾರಿನ ಟೈರು ಮೈಸೂರಿನಲ್ಲೇ ಹಾಕಿಸಿ ಕಳಿಸಿ. ಹಿಂದಿನ ಸೀಟಿನ ಬೆಲ್ಟ್ ನೋಡಿ. ಮಗುವಿನ ಸೀಟು ಅಲ್ಲಾಡದೆ ಬಿಗಿಯಾಗದಿದ್ದರೆ ತಂಗಿಯ ಮಗುವನ್ನು ಕೂರಿಸಲೇಬಾರದು. 75 ಮೈಲಿ ವೇಗದ ಹೆದ್ದಾರಿಯಲ್ಲಿ ಪಿಕಪ್‌ಗಳ ನಡುವೆ 796 ಸಿಸಿಯ, ಏರ್‌ಬ್ಯಾಗ್ ಇಲ್ಲದ ಕಾರು ಬೇಡ. ಕೇರಿಯೊಳಗೆ, ದಿನಸಿ ಅಂಗಡಿಗೆ ಸಾಕು.

ಕೊನೆಗೆ ಮಣ್ಣು. ಕಾರಿನ ಅಡಿಯಲ್ಲಿ ಪರದೇಶದ ಮಣ್ಣು ಇದ್ದರೆ ಬಂದರಿನಲ್ಲಿ ತಡೆಯುತ್ತಾರೆ. ನನ್ನದನ್ನು ತಡೆದದ್ದು ಚಕ್ರದ ಗೂಡಿನಲ್ಲಿದ್ದ ಒಂದು ಮುಷ್ಟಿ ಕೆಸರಿಗೆ, ತೊಳೆಸಿದ ಬಿಲ್ಲೂ ನನ್ನದೇ. ಹಬೆಯಲ್ಲಿ ತೊಳೆಸಿ ಫೋಟೊ ಇಟ್ಟುಕೊಳ್ಳಿ. ಜಾಗ ಇದೆಯೆಂದು ಒಳಗೆ ಉಪ್ಪಿನಕಾಯಿ, ಪಾತ್ರೆ ತುಂಬಬೇಡಿ.

ಮೊದಲ ಆರ್‌ಸಿ ಸಿಕ್ಕಿದಾಗ ತಯಾರಿಕೆಯ ತಿಂಗಳು ಮಾತ್ರ ಇಲ್ಲಿ ಬರೆಯಿರಿ, ನಂಬರು, ವಿಳಾಸ ಮುಚ್ಚಿಡಿ. ಯಾವ ತಿಂಗಳ ಹಡಗು ಎಂದು ಲೆಕ್ಕ ಹಾಕೋಣ.